ಹೋಗೋಕೆ ಆರು ಗಂಟೆ, ಬರೋಕೆ ಹದಿನೈದಾ?

ಪ್ರಶ್ನೆ (ಮಂಡ್ಯ): ಸಾರ್, ನನ್ನ ತಂಗಿ ಲಂಡನ್‌ನಲ್ಲಿದ್ದಾಳೆ. ಡಿಸೆಂಬರ್‌ನಲ್ಲಿ ಅಮ್ಮನನ್ನು ಕಳಿಸುತ್ತಿದ್ದೇವೆ. ಅವರಿಗೆ ಇದೇ ಮೊದಲನೇ ವಿಮಾನ. ಟಿಕೆಟ್ ಪ್ರಕಾರ ಬೆಂಗಳೂರು ಬಿಡೋದು ಮಧ್ಯಾಹ್ನ 1.30ಕ್ಕೆ, ಹೀಥ್ರೂ ತಲುಪೋದು ಅವತ್ತೇ ಸಂಜೆ 7.30ಕ್ಕೆ. ವಾಪಸ್ ಬರುವಾಗ ಮಧ್ಯಾಹ್ನ 2ಕ್ಕೆ ಹೊರಟರೆ ಇಲ್ಲಿಗೆ ಮಾರನೇ ದಿನ ಬೆಳಗಿನ ಜಾವ 5ಕ್ಕೆ. ಪ್ರಿಂಟ್ ತಪ್ಪಾಗಿದೆಯಾ? ದೂರ ಎಷ್ಟು?

ಉತ್ತರ (ಮೈಸೂರು): ಟಿಕೆಟ್ ಸರಿಯಾಗೇ ಇದೆ ಮೇಡಂ. ವಿಮಾನಗಳಿಗೆ ರೂಟು ಹಾಕೋ ಡಿಸ್ಪ್ಯಾಚರ್ ಆಗಿದ್ದವನು ನಾನು, ನಮ್ಮ ಮನೆಯವರೇ ಇದನ್ನು ನೂರು ಸಲ ಕೇಳಿದ್ದಾರೆ. ಟಿಕೆಟ್‌ನಲ್ಲಿ ಯಾವಾಗಲೂ ಆಯಾ ಊರಿನ ಗಡಿಯಾರದ ಟೈಮು ಇರುತ್ತದೆ. ಡಿಸೆಂಬರ್‌ನಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ. ಹೋಗುವಾಗ ಆರಕ್ಕೆ ಐದೂವರೆ ಕೂಡಿಸಿ, ಹನ್ನೊಂದೂವರೆ. ಬರುವಾಗ ಹದಿನೈದರಲ್ಲಿ ಕಳೆಯಿರಿ, ಒಂಬತ್ತೂವರೆ. ಬೇಸಿಗೆಯಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಗ ನಾಲ್ಕೂವರೆ ಲೆಕ್ಕ.

ದೂರ ನೇರವಾಗಿ 8,000 ಕಿಲೋಮೀಟರ್‌ಗೆ ಸ್ವಲ್ಪ ಜಾಸ್ತಿ.

ಮಂಡ್ಯ: ಆದರೂ ಎರಡು ಗಂಟೆ ಹೆಚ್ಚುಕಮ್ಮಿ ಉಳಿಯಿತಲ್ಲ ಸಾರ್?

ಮೈಸೂರು: ಅದು ಗಾಳಿ ಲೆಕ್ಕ. ಒಂಬತ್ತು ಹತ್ತು ಕಿಲೋಮೀಟರ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಗಾಳಿ ಹರಿಯುತ್ತದೆ. ಚಳಿಗಾಲದಲ್ಲಿ ಅದಕ್ಕೆ ಜೋರು ಜಾಸ್ತಿ. ಲಂಡನ್‌ಗೆ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ. ಎದುರುಗಾಳಿಗೆ ಸೈಕಲ್ ತುಳಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು, ಆ ಹನ್ನೊಂದೂವರೆ ಪೂರ್ತಿ ಹಾರಾಟವಲ್ಲ. ಇಲ್ಲಿ ನಿಂತ ಜಾಗ ಬಿಟ್ಟಾಗಿನಿಂದ ಅಲ್ಲಿ ಹೋಗಿ ನಿಲ್ಲುವವರೆಗಿನ ಲೆಕ್ಕ. ಹೀಥ್ರೂ ಮೇಲೆ ಇಳಿಯೋಕೆ ಸರದಿ ಕಾಯುತ್ತಾ ಸುತ್ತು ಹೊಡೆಯೋದೂ ಉಂಟು.

ದಾರಿ ಗೊತ್ತಾಗಬೇಕಾದರೆ ಮನೆಯಲ್ಲಿ ಗ್ಲೋಬ್ ಇದೆಯಾ? ಎರಡೂ ಊರಿಗೆ ಒಂದು ದಾರ ಬಿಗಿಯಾಗಿ ಹಿಡಿಯಿರಿ.

ಮಂಡ್ಯ: ಮಗಳ ಗ್ಲೋಬ್ ಮೇಲೆ ಹೂ ಕಟ್ಟೋ ದಾರ ಹಿಡಿದೆವು. ಕರಾಚಿ ಹತ್ತಿರ ಹೋಗಿ, ಇರಾನ್ ದಾಟಿ, ಕ್ಯಾಸ್ಪಿಯನ್ ಸಮುದ್ರದ ಮೇಲೆ ಉಕ್ರೇನ್‌ಗೆ ಬಂತು. ಅಮ್ಮ ಯುದ್ಧದ ಮೇಲೆ ಹೋಗ್ತಾರಾ?!

ಮೈಸೂರು: ಅಯ್ಯೋ, ಇಲ್ಲ. ದಾರಕ್ಕೆ ಅದು ಹತ್ತಿರ, ವಿಮಾನಕ್ಕಲ್ಲ. 2022ರ ಫೆಬ್ರವರಿ 24ರಂದು ಉಕ್ರೇನ್ ತನ್ನ ಆಕಾಶವನ್ನು ಪ್ರಯಾಣಿಕ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವೂ ಭಾರತದ ವಿಮಾನಗಳಿಗೆ ಮುಚ್ಚಿತು. ದೆಹಲಿಯವರಿಗೆ ಆದಷ್ಟು ತೊಂದರೆ ನಮಗಿಲ್ಲ. ಬೆಂಗಳೂರಿನಿಂದ ಹೇಗೂ ಅರಬ್ಬಿ ಸಮುದ್ರದ ಮೇಲೆ ಹೋಗಬಹುದು. ಸುತ್ತು ಅಂತೂ ಇದ್ದೇ ಇದೆ. ಪ್ರತಿ ಹಾರಾಟಕ್ಕೂ ಮುಂಚೆ ಗಾಳಿ, ಮುಚ್ಚಿದ ಆಕಾಶ ಎರಡನ್ನೂ ನೋಡಿಯೇ ರೂಟು ಹಾಕುತ್ತಾರೆ. ಇವತ್ತಿನ ದಾರಿ ನಾಳೆ ಇರಲ್ಲ.

ಮಂಡ್ಯ: ಮನೆಯಿಂದ ಎಷ್ಟು ಹೊತ್ತಿಗೆ ಹೊರಡಬೇಕು?

ಮೈಸೂರು: ಬೆಳಗ್ಗೆ ಆರಕ್ಕೆ. ಕೆಂಗೇರಿವರೆಗೆ ಹೊಸ ಹೈವೇ ಸಲೀಸು. ಆಮೇಲೆ ಬೆಂಗಳೂರು ದಾಟಿ ದೇವನಹಳ್ಳಿ ಸೇರೋದೇ ದೊಡ್ಡ ಪ್ರಯಾಣ. ಹೆಬ್ಬಾಳದಲ್ಲಿ ಸಿಕ್ಕಿಕೊಂಡರೆ ಯಾವ ಡಿಸ್ಪ್ಯಾಚರೂ ರೂಟು ಹಾಕಿಕೊಡಲ್ಲ. ಹತ್ತಕ್ಕೆ ಏರ್‌ಪೋರ್ಟ್ ಒಳಗಿರಿ.

ಮಂಡ್ಯ: ಸರಿ ಸಾರ್. ಅಮ್ಮ ಮಾತ್ರ ವಾಚ್ ಟೈಮು ಬದಲಾಯಿಸಲ್ಲ ಅಂತ ಹಠ ಹಿಡಿದಿದ್ದಾರೆ.

ಮೈಸೂರು: ಬಿಡಿ, ಹಾಗೇ ಇರಲಿ. ಅಲ್ಲಿಂದ ನಿಮಗೆ ರಾತ್ರಿ ಎರಡಕ್ಕೆ ಫೋನ್ ಮಾಡೋದಾದರೂ ತಪ್ಪುತ್ತೆ.