ಕೈಯಲ್ಲಿ ಕಟ್ಟಿದ ಸ್ಟೀಲ್ ಸೈಕಲ್ ಫ್ರೇಮು: ಪೌಡರ್ ಕೋಟಿಂಗ್‌ಗೆ ಮುನ್ನ ಯಾವ ಕೆಲಸ, ನಂತರ ಯಾವ ಕೆಲಸ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 4130 ಕ್ರೋಮೋಲಿ (ಒಂದು ಬಗೆಯ ಮಿಶ್ರ ಉಕ್ಕು) ಟ್ಯೂಬುಗಳನ್ನು ಲಗ್‌ಗಳಲ್ಲಿ (ಟ್ಯೂಬುಗಳು ಸೇರುವ ಕಡೆಯ ಲೋಹದ ತೋಳುಗಳಲ್ಲಿ) ಕೂರಿಸಿ ಸಿಲ್ವರ್ ಬ್ರೇಜಿಂಗ್ (ಬೆಳ್ಳಿ ಬೆರೆತ ಲೋಹವನ್ನು ಕರಗಿಸಿ ಬೆಸೆಯುವುದು) ಮಾಡಿದ ಟೂರಿಂಗ್ ಫ್ರೇಮೊಂದು ನನ್ನ ಶೆಡ್ಡಿನಲ್ಲಿ ಸಿದ್ಧವಾಗಿದೆ. ಇದನ್ನು ಮಾಡಿಸಿಕೊಂಡ ಗ್ರಾಹಕರು ಕುಂದಾಪುರದವರು; ಮಳೆಗಾಲದಲ್ಲಿಯೂ ದೂರದ ಸವಾರಿ ಮಾಡುವವರು. ಬಿ.ಬಿ. ಶೆಲ್ (ಬಾಟಮ್ ಬ್ರಾಕೆಟ್, ಅಂದರೆ ಪೆಡಲ್ ಅಕ್ಷ ಕೂರುವ ಅಡ್ಡ ಕೊಳವೆ) 68 ಮಿ.ಮೀ. ಅಗಲದ್ದು, ಬಿಎಸ್ಎ ಎಂಬ ಮಾದರಿಯ ಥ್ರೆಡ್‌ನದು. ಹೆಡ್ ಟ್ಯೂಬಿನ (ಮುಂದಿನ ಫೋರ್ಕ್ ಕೂರುವ ಕೊಳವೆ) ಒಳವ್ಯಾಸ 34 ಮಿ.ಮೀ., ಸೀಟ್ ಪೋಸ್ಟ್ 27.2 ಮಿ.ಮೀ. ಹಿಂದಿನ ಹಬ್‌ಗೆ 135 ಮಿ.ಮೀ. ಜಾಗ ಬಿಟ್ಟಿದ್ದೇನೆ, ಬ್ರೇಕು ಡಿಸ್ಕ್. ಪೌಡರ್ ಕೋಟಿಂಗ್ (ಪುಡಿ ಬಣ್ಣವನ್ನು ಸಿಂಪಡಿಸಿ ಓವನ್ನಿನ ಶಾಖದಲ್ಲಿ ಹಿಡಿಸುವುದು) ಮಾಡಿಸಬೇಕೆಂದಿದ್ದೇನೆ. ಟ್ಯಾಪ್ ಹಾಕುವುದು (ಥ್ರೆಡ್ ಕೊರೆಯುವುದು), ಫೇಸಿಂಗ್ (ಕೊಳವೆಯ ತುದಿಯ ಮುಖವನ್ನು ಸಮತಟ್ಟು ಮಾಡುವುದು), ರೀಮಿಂಗ್ (ರಂಧ್ರವನ್ನು ಸರಿ ಅಳತೆಗೆ ತರುವುದು), ಡ್ರಾಪ್‌ಔಟ್ (ಹಿಂದಿನ ಚಕ್ರದ ಆಕ್ಸಲ್ ಕೂರುವ ಫ್ರೇಮಿನ ತುದಿ) ನೇರ ಮಾಡುವುದು, ಟ್ಯೂಬುಗಳ ಒಳಗೆ ತುಕ್ಕು ಹಿಡಿಯದಂತೆ ಎಣ್ಣೆ ಬಿಡುವುದು, ಇವುಗಳಲ್ಲಿ ಯಾವುದು ಬಣ್ಣಕ್ಕೆ ಮೊದಲು ಆಗಬೇಕು, ಯಾವುದು ನಂತರ? ಅನುಭವವುಳ್ಳವರು ಕಾರಣಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ಲೋಹವನ್ನು ಕತ್ತರಿಸುವ ಕೆಲಸವೆಲ್ಲ ಬಣ್ಣಕ್ಕೆ ಮೊದಲೇ ಮುಗಿಯಬೇಕು. ಬಣ್ಣದ ನಂತರ ಉಳಿಯಬೇಕಾದದ್ದು ಶುಚಿ ಮಾಡುವ ಕೆಲಸ ಮಾತ್ರ. ಬಣ್ಣ ಹಚ್ಚಿದ ಮೇಲೆ ಕಟ್ಟರ್ ಆಡಿಸಿದರೆ ಅಂಚಿನ ಪದರ ಚಕ್ಕೆಯೇಳುತ್ತದೆ, ಕರಾವಳಿಯಲ್ಲಿ ತುಕ್ಕು ಶುರುವಾಗುವುದು ಅಂಥ ಅಂಚಿನಿಂದಲೇ.

ಬಿ.ಬಿ. ಶೆಲ್ಲಿನಿಂದ ಆರಂಭಿಸಿ. ಡೌನ್ ಟ್ಯೂಬು, ಸೀಟ್ ಟ್ಯೂಬು, ಹಿಂದಿನ ಚಕ್ರದತ್ತ ಹೋಗುವ ಎರಡು ಚೈನ್‌ಸ್ಟೇಗಳು ಅದೊಂದೇ ಶೆಲ್ಲಿಗೆ ಬ್ರೇಜ್ ಆಗುವುದರಿಂದ, ಆ ಶಾಖಕ್ಕೆ ಶೆಲ್ಲು ತುಸು ಅಂಡಾಕಾರವಾಗಿ, ಅದರ ಎರಡು ಮುಖಗಳು ಪರಸ್ಪರ ಸಮಾಂತರವಾಗಿ ಉಳಿದಿರುವುದಿಲ್ಲ. ಬಿಎಸ್ಎ ಥ್ರೆಡ್ಡಿನ ಅಳತೆ 1.37 ಇಂಚು, ಇಂಚಿಗೆ 24 ಸುತ್ತು. ಚೈನ್ ಇರುವ ಬಲಬದಿಯಲ್ಲಿ ಎಡಸುತ್ತಿನ ಥ್ರೆಡ್, ಎಡಬದಿಯಲ್ಲಿ ಮಾಮೂಲಿ ಬಲಸುತ್ತಿನದು. ಎರಡೂ ಬದಿಯ ಟ್ಯಾಪ್‌ಗಳು ಒಂದೇ ಅಕ್ಷದ ಮೇಲೆ ಕೂರುವ ಜೋಡಿ ಉಪಕರಣವನ್ನೇ ಬಳಸಿ. ಒಂದೊಂದು ಬದಿಗೆ ಬಿಡಿಯಾಗಿ ಟ್ಯಾಪ್ ಹಾಕಿದರೆ ಎರಡೂ ಥ್ರೆಡ್‌ಗಳು ಒಂದೇ ಗೆರೆಯಲ್ಲಿ ಬರುತ್ತವೆಂಬ ಭರವಸೆ ಇರುವುದಿಲ್ಲ. ಕಟಿಂಗ್ ಆಯಿಲ್ ಧಾರಾಳವಾಗಿರಲಿ. ಫೇಸಿಂಗ್ ಮಾಡುವಾಗ ಮುಖದ ಸುತ್ತ ಹೊಳೆಯುವ ಉಂಗುರ ಎಲ್ಲೂ ಕಡಿಯದೆ ಕಂಡ ಕೂಡಲೇ ನಿಲ್ಲಿಸಿ. ಗ್ರಾಹಕರು ಬೇರಿಂಗ್ ಶೆಲ್ಲಿನ ಹೊರಗಿರುವ ಕಪ್‌ಗಳನ್ನು ಹಾಕಿಸುವುದಾದರೆ ಈ ಹಂತವನ್ನು ಬಿಡಲೇಬಾರದು, ಏಕೆಂದರೆ ಆ ಕಪ್‌ಗಳು ಶೆಲ್ಲಿನ ಮುಖಕ್ಕೆ ಒತ್ತಿ ಕೂರುತ್ತವೆ. ಮುಖ ಓರೆಯಾದರೆ ಬೇರಿಂಗೂ ಓರೆಯಾಗಿ ಬೇಗ ಸವೆಯುತ್ತದೆ. ಬೇರಿಂಗ್ ಶೆಲ್ಲಿನ ಒಳಗೇ ಇರುವ ಹಳೆಯ ಮಾದರಿಯ ಕಾರ್ಟ್ರಿಡ್ಜ್ ಇಷ್ಟು ಕಟ್ಟುನಿಟ್ಟನ್ನು ಕೇಳುವುದಿಲ್ಲ, ಆದರೂ ಮುಂದೊಂದು ದಿನ ಅವರು ಭಾಗ ಬದಲಿಸಿಯಾರು ಎಂಬುದು ನಿಮ್ಮ ಮನಸ್ಸಿನಲ್ಲಿರಲಿ.

ಹೆಡ್ ಟ್ಯೂಬಿಗೂ ಇದೇ ನ್ಯಾಯ. ಹೆಡ್‌ಸೆಟ್ (ಫೋರ್ಕ್ ತಿರುಗುವ ಬೇರಿಂಗ್) ಕಪ್ ರಂಧ್ರಕ್ಕಿಂತ ಸುಮಾರು 0.1 ಮಿ.ಮೀ. ದೊಡ್ಡದಾಗಿದ್ದು ಒತ್ತಡದಿಂದ ಕೂರುವ ಭಾಗ. ಲಗ್‌ನ ಶಾಖಕ್ಕೆ ರಂಧ್ರ ಅಂಡಾಕಾರವಾಗಿದ್ದರೆ ಕಪ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ರೀಮರ್ ಮತ್ತು ಫೇಸಿಂಗ್ ಕಟ್ಟರ್ ಒಂದೇ ದಂಡದ ಮೇಲಿರುವ ಉಪಕರಣದಲ್ಲಿ ರಂಧ್ರಕ್ಕೆ ಮುಖವು ಲಂಬವಾಗಿಯೇ ಬರುತ್ತದೆ. ಈ ಉಪಕರಣಗಳು ದುಬಾರಿ, ಇಡೀ ಫ್ರೇಮನ್ನು ಲೇತ್‌ಗೆ ಕಟ್ಟಿ ತಿರುಗಿಸುವುದೂ ಆಗದ ಮಾತು. ಆದ್ದರಿಂದ ಉಪಕರಣವಿರುವ ಸೈಕಲ್ ಅಂಗಡಿಯಲ್ಲಿ ನಿಮ್ಮ ಕಣ್ಣೆದುರಿಗೆ ಮಾಡಿಸುವುದು ಒಳ್ಳೆಯದು.

ಪೌಡರ್ ಕೋಟಿಂಗ್ ಪದರದ ದಪ್ಪ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್. ರಂಧ್ರದ ಒಳಗೋಡೆಗೆ ಅದು ಹತ್ತಿದರೆ ವ್ಯಾಸದಲ್ಲಿ 0.12ರಿಂದ 0.2 ಮಿ.ಮೀ. ಕಡಿಮೆಯಾಗುತ್ತದೆ, ಆಗ ನೀವು ಜತನದಿಂದ ಮಾಡಿದ ರೀಮಿಂಗ್ ವ್ಯರ್ಥ. ಬಿ.ಬಿ. ಥ್ರೆಡ್, ಹೆಡ್ ಟ್ಯೂಬಿನ ಒಳಭಾಗ ಮತ್ತು ಮುಖಗಳು, ಸೀಟ್ ಟ್ಯೂಬಿನ ಬಾಯಿ, ಡ್ರಾಪ್‌ಔಟಿನ ಒಳಮುಖ, ಡಿಸ್ಕ್ ಕ್ಯಾಲಿಪರ್ ಕೂರುವ ಜಾಗ, ಇವಿಷ್ಟಕ್ಕೂ ಸಿಲಿಕಾನ್ ಬಿರಡೆ ಅಥವಾ ಶಾಖ ತಡೆಯುವ ಟೇಪನ್ನು ನೀವೇ ಹಾಕಿ ಕಳಿಸಿ. ಕಿಟಕಿ, ಗೇಟುಗಳಿಗೆ ಬಣ್ಣ ಹಾಕುವ ಕಾರ್ಖಾನೆಯವರಿಗೆ ಸೈಕಲ್ಲಿನ ಅಳತೆಗಳ ಸೂಕ್ಷ್ಮ ತಿಳಿದಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಓವನ್ನಿನ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಿಂದ ಸಿಲ್ವರ್ ಬ್ರೇಜಿಂಗ್‌ಗೆ ಅಪಾಯವಿಲ್ಲ. ಅದು ಕರಗುವುದು 600 ಡಿಗ್ರಿಗೂ ಮೇಲೆ.

ಎರಡನೆಯ ಉತ್ತರ

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಅದಕ್ಕೂ ಹಿಂದಿನ ಒಂದು ಹೆಜ್ಜೆಯಿದೆ. ಲಗ್ ಅಂಚುಗಳಲ್ಲಿ ಫ್ಲಕ್ಸ್ (ಬ್ರೇಜಿಂಗ್ ಮಾಡುವಾಗ ಕೀಲಿಗೆ ಹಚ್ಚುವ ರಾಸಾಯನಿಕ) ಉಳಿದಿದ್ದರೆ ಅದು ಗಾಳಿಯ ತೇವವನ್ನು ಹೀರಿ, ಕೆಲವು ತಿಂಗಳಲ್ಲಿ ಬಣ್ಣವನ್ನು ಗುಳ್ಳೆಯೇಳಿಸುತ್ತದೆ. ಸಿಲ್ವರ್ ಫ್ಲಕ್ಸ್ ಬಿಸಿನೀರಿನಲ್ಲಿ ಕರಗುವುದರಿಂದ ಕೀಲುಗಳನ್ನು ಚೆನ್ನಾಗಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಗಾಳಿರಂಧ್ರಗಳ ಮೂಲಕ ಟ್ಯೂಬುಗಳ ಒಳಗೂ ನೀರು ಹಾಯಿಸಿ, ಪೂರ್ತಿ ಒಣಗಿಸಿದ ಮೇಲೆಯೇ ಮುಂದಿನ ಕೆಲಸ ಹಿಡಿಯಿರಿ.

ಸೀಟ್ ಟ್ಯೂಬಿನ ಸೀಳಿನ ಒಳಅಂಚಿನಲ್ಲಿರುವ ಮುಳ್ಳುಗಳನ್ನು ಅರದಿಂದ ತೆಗೆದ ನಂತರ ರೀಮರ್ ಹಾಕಿ. ರೀಮರನ್ನು ಹಿಮ್ಮುಖವಾಗಿ ಎಂದೂ ತಿರುಗಿಸಬೇಡಿ, ಅಲಗು ಮೊಂಡಾಗುತ್ತದೆ. ಕೊನೆಗೆ ಹೋನಿಂಗ್ ಮಾಡಿ (ಒಳಗೋಡೆಯನ್ನು ಉಜ್ಜಿ ನಯಗೊಳಿಸಿ), 27.2ರ ನಿಜವಾದ ಪೋಸ್ಟನ್ನೇ ಇಳಿಸಿ ನೋಡಿ. ಗ್ರೀಸ್ ಹಚ್ಚಿದ ಪೋಸ್ಟ್ ಕೈಒತ್ತಡಕ್ಕೆ ಇಳಿಯಬೇಕು, ಅಲುಗಾಡಬಾರದು.

ಒಳಗಿನ ತುಕ್ಕಿಗೆ ಎಣ್ಣೆ ಬಿಡುವುದು ಬಣ್ಣದ ನಂತರವೇ. ಮೊದಲು ಬಿಟ್ಟರೆ ಓವನ್ನಿನಲ್ಲಿ ಅದು ರಂಧ್ರಗಳಿಂದ ಹೊರಬಂದು ಬಣ್ಣ ಹಿಡಿಯದಂತೆ ಮಾಡುತ್ತದೆ. ಬಾಯ್ಲ್ಡ್ ಲಿನ್ಸೀಡ್ ಆಯಿಲ್, ಅಂದರೆ ಬೇಗ ಒಣಗುವಂತೆ ಸಿದ್ಧಪಡಿಸಿದ ಅಗಸೆ ಎಣ್ಣೆ, ಹಳೆಯ ಮತ್ತು ನಂಬಬಹುದಾದ ದಾರಿ: ಪ್ರತಿ ಟ್ಯೂಬಿಗೂ ಬಿಟ್ಟು, ಫ್ರೇಮನ್ನು ಎಲ್ಲ ದಿಕ್ಕಿಗೂ ಹೊರಳಿಸಿ, ಹೆಚ್ಚಿನದನ್ನು ಬಸಿಯಲು ಬಿಟ್ಟು, ಕೆಲವು ದಿನ ಒಣಗಿಸಿ. ಬಿ.ಬಿ. ಶೆಲ್ಲಿನ ಅಡಿಯಲ್ಲಿ ನೀರಿಳಿಯುವ ತೂತು ಇಲ್ಲದಿದ್ದರೆ ಬಣ್ಣಕ್ಕೆ ಮೊದಲೇ ಕೊರೆಯಿರಿ; ಕುಂದಾಪುರದ ಮಳೆಗೆ ಅದು ಬೇಕೇ ಬೇಕು. ಒಂದು ಎಚ್ಚರಿಕೆಯನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ: ಈ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಎಣ್ಣೆ ಒಣಗುವಾಗ ಹುಟ್ಟುವ ಶಾಖಕ್ಕೆ ಅವು ತಾವಾಗಿಯೇ ಹೊತ್ತಿಕೊಳ್ಳಬಲ್ಲವು. ಹೊರಗೆ ಬಿಡಿಬಿಡಿಯಾಗಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಫ್ಲಕ್ಸ್ ತೊಳೆಯುವ ಕೆಲಸವನ್ನು ಇಂದೇ ಮತ್ತೊಮ್ಮೆ ಮಾಡುತ್ತೇನೆ. ಡ್ರಾಪ್‌ಔಟ್ ಮತ್ತು ಗೇರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಉಪಕರಣ ತೂಗುವ ಜಾಗ) ವಿಷಯ ಮಾತ್ರ ಉಳಿದಿದೆ. ಹ್ಯಾಂಗರ್ ಡ್ರಾಪ್‌ಔಟಿನದೇ ಭಾಗ, ಬಿಚ್ಚಲು ಬರುವಂಥದ್ದಲ್ಲ. ಬಣ್ಣದ ನಂತರ ಬಗ್ಗಿಸಿದರೆ ಪದರ ಒಡೆಯುವುದಿಲ್ಲವೇ?

ಮೂರನೆಯ ಉತ್ತರ

ಒಡೆಯಬಹುದು, ಆದ್ದರಿಂದ ಬಗ್ಗಿಸುವುದೆಲ್ಲ ಬಣ್ಣಕ್ಕೆ ಮೊದಲೇ ಆಗಲಿ. ಮೊದಲಿಗೆ ಒಂದು ಡ್ರಾಪ್‌ಔಟಿನಿಂದ ಹೆಡ್ ಟ್ಯೂಬನ್ನು ಬಳಸಿ ಇನ್ನೊಂದು ಡ್ರಾಪ್‌ಔಟಿಗೆ ದಾರ ಬಿಗಿದು ಕಟ್ಟಿ, ಸೀಟ್ ಟ್ಯೂಬಿನ ಎರಡೂ ಬದಿಗೆ ದಾರದ ಅಂತರ ಒಂದೇ ಇದೆಯೇ ಎಂದು ಅಳೆಯಿರಿ. ಆಮೇಲೆ ಡ್ರಾಪ್‌ಔಟ್‌ಗಳ ನಡುವಿನ 135 ಮಿ.ಮೀ. ಮತ್ತು ಅವುಗಳ ಸಮಾಂತರ. ಹ್ಯಾಂಗರ್ ಕೊನೆಯದು, ಏಕೆಂದರೆ ಡ್ರಾಪ್‌ಔಟ್ ಕದಲಿದರೆ ಅದೂ ಕದಲುತ್ತದೆ. ನೇರವಾದ ಚಕ್ರವೊಂದನ್ನು ಹಾಕಿ, ಹ್ಯಾಂಗರ್ ಗೇಜನ್ನು ರಿಮ್‌ನ ಸುತ್ತ ನಾಲ್ಕು ಕಡೆ ಹಿಡಿದು ನೋಡಿ. ವ್ಯತ್ಯಾಸ 4 ಮಿ.ಮೀ. ಒಳಗಿದ್ದರೆ ಹಲವರು ಒಪ್ಪುತ್ತಾರೆ, ಆದರೆ ಹಿಂದೆ 10 ಅಥವಾ 11 ಗೇರುಗಳಿದ್ದರೆ ನಾನು ಅದರ ಅರ್ಧಕ್ಕಿಂತ ಹೆಚ್ಚನ್ನು ಬಿಡುವುದಿಲ್ಲ.

ಬಣ್ಣ ಆಗಿ ಬಂದ ಮೇಲೆ ಹ್ಯಾಂಗರಿನ ಎಂ10×1 ಥ್ರೆಡ್ಡಿಗೆ, ನೀರಿನ ಬಾಟಲಿ ಮತ್ತು ಕ್ಯಾರಿಯರ್ ಕಟ್ಟುವ ಎಂ5 ಥ್ರೆಡ್ಡುಗಳಿಗೆ ಕೈಯಿಂದಲೇ ಟ್ಯಾಪ್ ಆಡಿಸಿ ಪುಡಿ ತೆಗೆಯಿರಿ. ಬಣ್ಣವಿಲ್ಲದೆ ಉಳಿದ ಮುಖಗಳಿಗೆಲ್ಲ ಅಂದೇ ಗ್ರೀಸ್ ಹಚ್ಚಿ. ಫ್ರೇಮನ್ನು ಪಾರ್ಸೆಲ್‌ನಲ್ಲಿ ಕಳಿಸುವುದಾದರೆ ಡ್ರಾಪ್‌ಔಟ್‌ಗಳ ನಡುವೆ 135 ಮಿ.ಮೀ. ಅಂತರ ಉಳಿಯುವಂತೆ ಹಳೆಯ ಆಕ್ಸಲೊಂದನ್ನು ನಟ್ ಸಮೇತ ಬಿಗಿದು ಕಳಿಸಿ. ಇಲ್ಲದಿದ್ದರೆ ದಾರಿಯಲ್ಲಿ ಮೇಲೊಂದು ಭಾರ ಬಿದ್ದು ಹಿಂಭಾಗ ಅಮುಕಿದರೂ ನಿಮ್ಮ ಅಳತೆಗಳೆಲ್ಲ ಕೆಡುತ್ತವೆ.