ಅನ್ನದ ಮೇಲಿನ ಬಿಳಿ ಬೂಷ್ಟು, ಅಲಸಂದೆ ಬೇರಿನ ಗಂಟು

ಹಸಿರೆಲೆ: ಕೊರಿಯಾದ ನೈಸರ್ಗಿಕ ಕೃಷಿಯ ಗುರು ಚೋ ಹಾನ್-ಕ್ಯು ಹೇಳಿಕೊಟ್ಟಂತೆ ಮರದ ಪೆಟ್ಟಿಗೆಯಲ್ಲಿ ಉದುರುದುರಾದ ಅನ್ನ ತುಂಬಿ, ಕಾಡಿನ ತರಗೆಲೆಯಡಿ ಇಟ್ಟಿದ್ದೆ. 5ನೆಯ ದಿನ ಹತ್ತಿಯಂಥ ಬಿಳಿ ಬೂಷ್ಟು. ಸಮತೂಕ ಬೆಲ್ಲ ಬೆರೆಸಿ, ತವುಡಿನಲ್ಲಿ ಬೆಳೆಸಿ ಅಲಸಂದೆಗೆ ಹಾಕಿದೆ. ಗಿಡ ಕಿತ್ತು ನೋಡಿದರೆ ಬೇರಿನ ತುಂಬ ಗಂಟು! ಸ್ಥಳೀಯ ಸೂಕ್ಷ್ಮಜೀವಿಗಳ ಮುಂದೆ ಪೊಟ್ಟಣದ ಜೀವಾಣು ಗೊಬ್ಬರ ಯಾವ ಲೆಕ್ಕ?

ತಕ್ಕಡಿ: ಯಾವುದು ಸ್ವಾಮಿ "ಸ್ಥಳೀಯ"? ಕಾಡಿನ ನೆರಳಿನಲ್ಲಿ ಬಾಳಿದ್ದು ಉತ್ತ ಹೊಲಕ್ಕೆ ಹೊರಗಿನದೇ. ಮೇಲಾಗಿ ಆ ಪೆಟ್ಟಿಗೆ ಬಡಿಸಿಟ್ಟ ಎಲೆ; ಪಿಷ್ಟ ತಿನ್ನುವವು ಮಾತ್ರ ಬಂದು ಕೂರುತ್ತವೆ. ಗಿಡಕ್ಕೆ ರಂಜಕ ತಂದುಕೊಡುವ ಆರ್ಬಸ್ಕುಲರ್ ಮೈಕೊರೈಜಾ ಎಂಬ ಬೇರಿನ ಶಿಲೀಂಧ್ರ ಜೀವಂತ ಬೇರಿಲ್ಲದೆ ಬೆಳೆಯುವುದಿಲ್ಲ. ಅದು ನಿಮ್ಮ ಅನ್ನಕ್ಕೆ ಬಂದೀತೇ?

ಹಸಿರೆಲೆ: "ಬಡಿಸಿಟ್ಟ ಎಲೆ" ಎಂದು ಹೀಯಾಳಿಸುವುದು ಸುಲಭ. ಪ್ರಯೋಗಾಲಯದ ತಟ್ಟೆಯಲ್ಲೂ ಮಣ್ಣಿನ ಜೀವಿಗಳಲ್ಲಿ ಅತ್ಯಲ್ಪ ಭಾಗವಷ್ಟೇ ಬೆಳೆಯುತ್ತದೆ. ಅದೂ ಬಡಿಸಿಟ್ಟ ಎಲೆಯೇ.

ಬೇರುಗಣ್ಣು: ಅದಿರಲಿ. "ಬೇರಿನ ತುಂಬ ಗಂಟು" ಎಂದಿರಲ್ಲ, ಯಾವ ಗಂಟು? ಮಣ್ಣಿನ ಜಂತುಹುಳು (ನೆಮಟೋಡ್) ಹೊಕ್ಕರೂ ಅಲಸಂದೆ ಬೇರು ಗಂಟುಗಂಟಾಗುತ್ತದೆ. ಉಗುರಿನಿಂದ ತಳ್ಳಿ ನೋಡಿದಿರಾ? ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ ರೈಜೋಬಿಯಂ ಕಟ್ಟಿದ ಗಂಟು ಬೇರಿನ ಪಕ್ಕಕ್ಕೆ ಅಂಟಿದ ಮಣಿ, ತಳ್ಳಿದರೆ ಉದುರುತ್ತದೆ. ಹುಳುವಿನದಾದರೆ ಬೇರೇ ಊದಿರುತ್ತದೆ, ಎಳೆದರೆ ಬೇರೇ ಹರಿಯುತ್ತದೆ.

ಹಸಿರೆಲೆ: 30 ವರ್ಷ ಮಣ್ಣು ತುಳಿದವನಿಗೆ ಹುಳು ಗೊತ್ತಾಗುವುದಿಲ್ಲವೇ?

ಬೇರುಗಣ್ಣು: 30 ವರ್ಷ ಬೇಡ, ಅರ್ಧ ನಿಮಿಷ ಸಾಕು. ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಸಾರಜನಕ ಹಿಡಿಯುತ್ತಿದೆ ಎಂದರ್ಥ.

ಹಸಿರೆಲೆ: ಸೀಳಿದ್ದೆ. ಹೆಚ್ಚಿನವು ನಸುಗೆಂಪು, ಕೆಲವು ಬಿಳಿ.

ಬೇರುಗಣ್ಣು: "ಕೆಲವು ಬಿಳಿ"! ಈಗ ಬಾಯಿಬಿಟ್ಟಿರಿ.

ಕಪ್ಪುಮಣ್ಣು: ಬಿಳಿ ಎಂದ ಮಾತ್ರಕ್ಕೆ ಹುಳುವಲ್ಲ. ಎಳೆಯ ಬೇರುಗಂಟೂ ಒಳಗೆ ಬಿಳಿಯೇ. ಲೆಗ್‌ಹಿಮೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ತುಂಬಿದ ಮೇಲೆ ಕೆಂಪೇರುತ್ತದೆ, ಮುದಿಯಾದಾಗ ಹಸಿರಾಗುತ್ತದೆ.

ಬೇರುಗಣ್ಣು: ಬಿಳಿಯೆಲ್ಲ ಹುಳು ಎಂದು ನಾನೆಲ್ಲಿ ಹೇಳಿದೆ? ಮೇಲೆ ಹೋಗಿ ಓದಿ.

ಕಪ್ಪುಮಣ್ಣು: ಓದಿದೆ. ಹೇಳಲಿಲ್ಲ, ಹೇಳಿದ ಹಾಗೆ ಕುಣಿದಿರಿ.

ಬೇರುಗಣ್ಣು: ಕುಣಿತ ನಿಮ್ಮದು. ನಾನು ಕೇಳಿದ್ದು ಉಗುರಿನ ಪರೀಕ್ಷೆ.

ತಕ್ಕಡಿ: ಬಣ್ಣದ ಜಗಳದಲ್ಲಿ ಬುಡವನ್ನೇ ಮರೆತಿರಿ. ಅಲಸಂದೆಗೆ ಗಂಟು ಕಟ್ಟುವ ಬ್ಯಾಕ್ಟೀರಿಯಾ ಉಷ್ಣವಲಯದ ಬಹುತೇಕ ಮಣ್ಣಿನಲ್ಲಿ ಮೊದಲೇ ಇರುತ್ತವೆ. ಏನೂ ಹಾಕದ ಒಂದು ಸಾಲು ಬಿಟ್ಟಿದ್ದಿರಾ? ಅದರ ಗಿಡ ಕಿತ್ತಿದ್ದಿರಾ?

ಹಸಿರೆಲೆ: "ಮೊದಲೇ ಇರುತ್ತವೆ"! ನಾನು ಹೇಳಿದ್ದೂ ಅದೇ. ಸ್ಥಳೀಯ ಜೀವಿ ಸಾಕು, ಪೊಟ್ಟಣ ಬೇಡ.

ತಕ್ಕಡಿ: ಹಾಗಾದರೆ ನಿಮ್ಮ ಅನ್ನವೂ ಬೇಡ. ಸಾಲಿನ ಪ್ರಶ್ನೆಗೆ ಉತ್ತರವೆಲ್ಲಿ?

ಬೀಜೋಪಚಾರ: "ಪೊಟ್ಟಣ ಬೇಡ" ಎಂಬ ಮಾತು ಸೋಯಾ ಮುಂದೆ ನಡೆಯುವುದಿಲ್ಲ. ಸೋಯಾ ಹಿಂದೆಂದೂ ಬೆಳೆಯದ ನೆಲದಲ್ಲಿ ಅದಕ್ಕೆ ಒಗ್ಗುವ ಗಂಟು ಕಟ್ಟುವ ಬ್ಯಾಕ್ಟೀರಿಯಾ ಬ್ರಾಡಿರೈಜೋಬಿಯಂ ಸಾಮಾನ್ಯವಾಗಿ ಇರುವುದಿಲ್ಲ. ಬ್ರೆಜಿಲ್ ಅಷ್ಟೊಂದು ಸೋಯಾ ಬೆಳೆಯುವುದು ಬೀಜಕ್ಕೆ ಜೀವಾಣು ಲೇಪಿಸಿಯೇ. ಬೇರುಗಂಟಿನ ಬ್ಯಾಕ್ಟೀರಿಯಾವನ್ನು ಡಚ್ ವಿಜ್ಞಾನಿ ಬೈಯರಿಂಕ್ ಬೇರ್ಪಡಿಸಿದ್ದು 1888ರಲ್ಲಿ. ಇಷ್ಟು ವರ್ಷದ ಕೆಲಸವನ್ನು ಅನ್ನದ ಬೂಷ್ಟು ಅಳಿಸಿಬಿಡುತ್ತದೆಯೇ?

ಕಪ್ಪುಮಣ್ಣು: 1888 ಎಂದರೆ ಜಗಳ ಗೆದ್ದಂತಾಯಿತೇ? ಸ್ಥಳೀಯ ರೈಜೋಬಿಯಂ ಈಗಾಗಲೇ ತುಂಬಿರುವ ಮಣ್ಣಿನಲ್ಲಿ ಪೊಟ್ಟಣದ ತಳಿ ಪೈಪೋಟಿಯಲ್ಲಿ ಸೋಲುವುದೇ ಹೆಚ್ಚು. ಅದನ್ನೂ ಬರೆಯಿರಿ.

ಬೀಜೋಪಚಾರ: ಪೊಟ್ಟಣವನ್ನು ಬಿಸಿಲಿನಲ್ಲಿ ಬಿಟ್ಟವರು ಹೇಳುವ ಮಾತು ಇದು.

ಬೇರುಗಣ್ಣು: ಎಲ್ಲ ಸರಿ. ಉಗುರಿನಿಂದ ತಳ್ಳಿದಿರಾ, ಇಲ್ಲವಾ?

ಹಸಿರೆಲೆ: ಆ ಗಿಡಗಳನ್ನು ನಿನ್ನೆಯೇ ಗೊಬ್ಬರದ ಗುಂಡಿಗೆ ಎಸೆದಾಯಿತು.

ಬೇರುಗಣ್ಣು: ಹುಳುವಿನ ಸಮೇತವೋ?