ಕಿನ್ನಾಳದ ಓಣಿಯಾಗ 360 ಕ್ಯಾಮೆರಾ: ಬಾಗಿಲಾ ಸೀಳಿದಂಗ ಬರಾಕತ್ತಾವ

ಸೈಕಲ್_ಕೊಪ್ಪಳ:
ನಮಸ್ಕಾರ್ರಿ. ಕಿನ್ನಾಳದಾಗ ಕಟ್ಟಿಗಿ ಗೊಂಬಿ ಮಾಡೋ ಚಿತ್ರಗಾರರ ಓಣಿ ಪೂರಾ ಮ್ಯಾಪಿಲರಿಗೆ (ಯಾರ ಬೇಕಾದ್ರೂ ರಸ್ತೆ ಫೋಟೊ ಹಾಕೋ ಮ್ಯಾಪ್ ತಾಣ) ಏರಿಸಬೇಕಂತ ಗೆಳೆಯನ ಗೋಪ್ರೊ ಮ್ಯಾಕ್ಸ್ ಅನ್ನೋ, ಸುತ್ತಲಿನದೆಲ್ಲಾ ಒಮ್ಮೆಲೆ ತಗಿಯೋ 360 ಕ್ಯಾಮೆರಾ ಇಸ್ಕೊಂಡು ಎರಡು ವಾರ ಆತು. ಗೂಗಲ್ ಮ್ಯಾಪಿನಾಗ ರಸ್ತೆ ಫೋಟೊ ತೋರಿಸೋ ಸ್ಟ್ರೀಟ್ ವ್ಯೂ ನಮ್ಮ ದೇಶದಾಗ 2022ರಾಗ 10 ಊರಿಂದ ಮತ್ತ ಶುರುವಾತು, ಆದ್ರ ನಮ್ಮ ಓಣಿಗೆ ಆ ಕಾರು ಬಂದದ್ದು ನಾ ಕಂಡಿಲ್ಲ. ಗೊಂಬಿ ತಗೊಳ್ಳಾಕ ದೂರದಿಂದ ಬಂದೋರು ಮನಿ ಮನಿ ಕೇಳ್ಕೊಂತ ತಿರಗ್ತಾರ. ಅವರು ಬರೂಕಿಂತ ಮೊದಲ ಫೋನಿನಾಗ ಓಣಿ ನೋಡಿರಬೇಕು ಅನ್ನೂದು ನನ್ನ ಆಸೆ.

ಬೈಕಿನ ಹಿಂದ ಪೈಪ್ ಕಟ್ಟಿ, ತುದಿಗೆ ಕ್ಯಾಮೆರಾ ಇಟ್ಟು, ಎರಡು ಸೆಕೆಂಡಿಗೊಂದು ಫೋಟೊ ತಗೀತೀನಿ. ದೊಡ್ಡ ರಸ್ತೆದಾಗ ಚಲೋ ಬರ್ತಾವ. ಓಣಿ ಹೊಕ್ಕರ ಎಡಬಲದ ಬಾಗಿಲಾ ಸೀಳಿದಂಗ, ಒಂದು ಕಂಬ ಎರಡಾದಂಗ. ಕೆಲವು ಫೋಟೊ ಮ್ಯಾಪಿನಾಗ ಪಕ್ಕದ ಮನಿ ಮಾಳಿಗಿ ಮ್ಯಾಲೆ ಕುಂತಾವ. 72 ಮೆಗಾಪಿಕ್ಸೆಲ್‌ನ ಇನ್‌ಸ್ಟಾ360 ಎಕ್ಸ್3 ತಗೊಂಡ್ರ ಸರಿಹೋದೀತೇನ್ರಿ?

ರಾಯಚೂರು_ಕೋಟೆ_ನಡಿಗೆ:
ರೊಕ್ಕ ಉಳಿಸ್ರಿ. ಅದು ಮೆಗಾಪಿಕ್ಸೆಲ್ ತಪ್ಪಲ್ಲ, ಹೊಲಿಗಿ (ಎರಡು ಲೆನ್ಸಿನ ಫೋಟೊ ಕೂಡೋ ಗೆರಿ) ಬೀಳೋ ಜಾಗದ ತಪ್ಪು. ಎರಡು ಫಿಶ್‌ಐ (ಭಾಳ ಅಗಲ ನೋಡೋ) ಲೆನ್ಸ್ ಬೆನ್ನಿಗೆ ಬೆನ್ನು ಹಚ್ಚಿ ಕುಂತಿರ್ತಾವ, ಎರಡರ ಕಣ್ಣೂ ಒಂದ ಜಾಗದಾಗ ಇರಂಗಿಲ್ಲ. ದೂರದ ಗುಡ್ಡಕ್ಕ ಆ ಅಂತರ ಲೆಕ್ಕಕ್ಕಿಲ್ಲ, ಮೂರು ಅಡಿ ಆಚಿನ ಗೋಡಿಗೆ ಅದ ದೊಡ್ಡದು. ನೀವು ಲೆನ್ಸ್ ಹಿಂದ-ಮುಂದ ಇಟ್ಟಿದ್ದಕ್ಕ ಹೊಲಿಗಿ ನೆಟ್ಟಗ ಗೋಡಿ ಮ್ಯಾಲೆ ಬಿದ್ದೈತಿ. ಓಣಿಯಾಗ ಕ್ಯಾಮೆರಾ ಕಾಲು ಸುತ್ತು ತಿರುಗಿಸ್ರಿ: ಲೆನ್ಸ್ ಗೋಡಿ ನೋಡ್ಲಿ, ಹೊಲಿಗಿ ಓಣಿ ಉದ್ದಕ್ಕ ಬೀಳ್ಲಿ. ಏರಿಸುವಾಗ ಮ್ಯಾಪಿಲರಿ ಟೂಲ್ಸ್‌ನಾಗ (ಫೋಟೊ ಏರಿಸೋ ಅವರದ ತಂತ್ರಾಂಶ) ದಿಕ್ಕು 90 ಡಿಗ್ರಿ ತಿದ್ದಲಿಲ್ಲಂದ್ರ ನೋಡೋರು ಗೋಡಿಗೆ ಮುಖ ಮಾಡಿ ನಡೆದಂಗ ಆಗ್ತೈತಿ.

ಬೈಕ್ ಬಿಡ್ರಿ. ತಾಸಿಗೆ 20 ಕಿಲೋಮೀಟರ್ ಅಂದ್ರ ಎರಡು ಸೆಕೆಂಡಿಗೆ 11 ಮೀಟರ್ ದಾಟ್ತೀರಿ, ನಡುವ ಎರಡು ಮನಿ ತಪ್ಪಿಹೋಗ್ತಾವ. ನಡೆದರ ಮೂರು ಮೀಟರಿಗೂ ಕಡಿಮಿ. ಕೋಲು ತಲಿಗಿಂತ ಎತ್ತರ ಹಿಡೀರಿ.

ಮಾಳಿಗಿ ಮ್ಯಾಲೆ ಕುಂತದ್ದು ನನಗೂ ಆಗೈತಿ. ರಾಯಚೂರು ಕೋಟೆಯ ಕಾಟಿ ದರ್ವಾಜಾ ಬಾಗಿಲದಾಗ ತಗದ ಫೋಟೊ ಅರ್ಧ ಕಂದಕದಾಗ ಬಿದ್ದಿದ್ವು. ಎತ್ತರದ ಗೋಡಿ ನಡುವ ಕಾಣೂದು ಪಟ್ಟಿಯಷ್ಟ ಆಕಾಶ, ಉಪಗ್ರಹದ ಸಿಗ್ನಲ್ ಕಲ್ಲಿಗೆ ಬಡಿದು ತಿರುಗಿ ಬರ್ತೈತಿ. ಅದಕ್ಕ ಫೋನಿನಾಗ ಬೇರೆ ಜಿಪಿಎಕ್ಸ್ ದಾರಿ (ನಡೆದ ಜಾಗ, ವೇಳೆ ಬರದಿಡೋ ಫೈಲ್) ಬರಸಿ, ತಪ್ಪಿದ ಚುಕ್ಕಿ ಕೈಲೆ ಸರಿಸಿ, ಆಮೇಲೆ ಜೋಡಿಸ್ತೀನಿ. ಒಂದು ಎಚ್ಚರ: ಜಿಪಿಎಕ್ಸ್ ಯುಟಿಸಿ, ಅಂದ್ರ ಜಗತ್ತಿಗೆಲ್ಲಾ ಒಂದ ಆದ ವೇಳೆ ಬರೀತೈತಿ, ಕ್ಯಾಮೆರಾ ನಮ್ಮ ವೇಳೆ. ಐದೂವರೆ ತಾಸು ಹೊಂದಿಸದ ನಾನು ಒಂದು ಪೂರಾ ಮುಂಜಾನೆಯ ಕೆಲಸ ಕಳಕೊಂಡೀನಿ, ಇವತ್ತಿಗೂ ಸಂಕಟ ಆಗ್ತೈತಿ.

ಅದಿರು_ದಾರಿ_ಬಳ್ಳಾರಿ:
ಎಕ್ಸ್3 ಒಳಗ ಜಿಪಿಎಸ್ ಇಲ್ಲ, ಫೋನು ಇಲ್ಲಾ ಬೇರೆ ರಿಮೋಟ್ ಬೇಕು. ಮ್ಯಾಕ್ಸ್‌ನಾಗ ಐತಿ, ಅದನ್ನ ಇಟ್ಕೊಳ್ರಿ. ಸಂಡೂರು ರಸ್ತೆದಾಗ ಲೆನ್ಸ್ ಮ್ಯಾಲಿನ ಧೂಳು ಅಂಗಿ ಚುಂಗಿನಿಂದ ಒರಸಿ ಗೀರು ಮಾಡ್ಕೊಂಡೀನಿ. ಮೊದಲು ಗಾಳಿ ಬುರುಡಿಯಿಂದ ಊದಿ, ಆಮೇಲೆ ಮೆತ್ತನ ಬಟ್ಟಿ. ಬ್ಯಾಸಗಿ ಮಧ್ಯಾಹ್ನ ಹೋಗಬ್ಯಾಡ್ರಿ, ಕಾದು ತಾನ ಬಂದ್ ಆಗ್ತೈತಿ.

ಸೈಕಲ್_ಕೊಪ್ಪಳ:
ಇವತ್ತು ಮುಂಜಾನೆ ಏಳಕ್ಕ ನಡಕೊಂತ ತಗದೆ. ಬಾಗಿಲಾ ಇಡಿಯಾಗಿ ಬಂದಾವ್ರಿ! ಕಟ್ಟಿ ಮ್ಯಾಲೆ ಬಣ್ಣ ಹಚ್ಕೊಂತ ಕುಂತ ಅಜ್ಜ, ಅವನ ಮುಂದಿನ ಹುಣಸೆಬೀಜದ ಸರಿಯ ಬಟ್ಟಲ ಸುದ್ದಾ ಕಾಣ್ತೈತಿ. ಮುಖ, ಗಾಡಿ ನಂಬರ್ ಮ್ಯಾಪಿಲರಿನ ಮಸುಕು ಮಾಡ್ತೈತಿ. ಆದ್ರ ಬಾಗಿಲಾ ತೆರೆದಿದ್ರ ಒಳಗಿನ ಮನಿ ಮಸುಕಾಗಂಗಿಲ್ಲ, ಅದಕ್ಕ ಮನಿ ಮನಿಗೆ ಹೋಗಿ ಕೇಳಿ ಬಂದೆ. ಇಬ್ಬರು ಬ್ಯಾಡ ಅಂದ್ರು, ಆ ಫೋಟೊ ತಗದುಹಾಕೀನಿ. ದಿಕ್ಕು ತಿದ್ದೂದು 90 ಹಾಕಬೇಕೊ, 270 ಹಾಕಬೇಕೊ?

ರಾಯಚೂರು_ಕೋಟೆ_ನಡಿಗೆ:
ಮುಂದಿನ ಲೆನ್ಸ್ ಬಲಕ್ಕ ತಿರುಗಿಸಿದ್ರೊ ಎಡಕ್ಕೊ, ಅದರ ಮ್ಯಾಲೆ. ಮೊದಲು ಐದ ಫೋಟೊ ಏರಿಸಿ ನೋಡ್ರಿ.